ಹೋಗಿ ಬರುವ ಹೊಗೆ

ನಮ್ಮೂರಿನಲ್ಲಿ ಸಂಜೆಯಾದರೆ ಹೊಗೆ ಮನೆಗೆ ಬರುತ್ತದೆ. ದನ ಬರುವ ಹೊತ್ತು ಮುಗಿದಿರುತ್ತದೆ, ದೀಪ ಹಚ್ಚುವ ಹೊತ್ತು ಇನ್ನೂ ಆಗಿರುವುದಿಲ್ಲ. ಆಗ ಬೀದಿಯ ಅಂಚು ಹಿಡಿದು, ಯಾರಿಗೂ ಅಡ್ಡ ಬರದಂತೆ, ಆಯಾ ಗಾಡಿಯ ಹೊಗೆ ಆಯಾ ಮನೆಯ ಗೇಟು ದಾಟಿ ಅಂಗಳದ ಮೂಲೆಯಲ್ಲಿ ಕೂರುತ್ತದೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಕರಗುತ್ತದೆ. ಹಾಗಾಗಿ ನಮ್ಮಲ್ಲಿ ಸಂಜೆ ಯಾರೂ ಬಿಳಿ ಬಟ್ಟೆ ಒಣಹಾಕುವುದಿಲ್ಲ. ಮನೆ ಕಟ್ಟಿಸುವವರು ದೇವರ ಮನೆ ಯಾವ ದಿಕ್ಕಿಗೆ ಎಂದು ಕೇಳಿದ ಮೇಲೆ ಹೊಗೆಮೂಲೆ ಯಾವ ದಿಕ್ಕಿಗೆ ಎಂದು ಕೇಳುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬೇಕೆಂದೇ ಸಂಜೆ ಹೋಗುತ್ತಾರೆ. ಹುಡುಗನ ಬೈಕಿನ ಹೊಗೆ ನೆಟ್ಟಗೆ ಮನೆಗೆ ಬಂತೋ, ಇನ್ಯಾವುದೋ ಬೀದಿಯ ಮಲ್ಲಿಗೆ ವಾಸನೆ ಹೊತ್ತು ಬಂತೋ ನೋಡಿಕೊಂಡು ಆಮೇಲೆ ತಾಂಬೂಲದ ಮಾತು. ಪೆಟ್ರೋಲಿನ ಹೊಗೆ ಸಂಕೋಚದ್ದು, ಬಂದ ನೆಂಟರ ಹಾಗೆ ಗೋಡೆಗೆ ಒತ್ತಿಕೊಂಡು ಕೂರುತ್ತದೆ. ಡೀಸೆಲ್ ಹೊಗೆ ಕಾಲು ಚಾಚಿ ಮಲಗುತ್ತದೆ. ಪುರಸಭೆಯ ಅಧ್ಯಕ್ಷರೊಬ್ಬರು ತಮ್ಮ ಜೀಪಿನ ಹೊಗೆಗೆ ಜಾಗ ಸಾಲದೆ ಮಹಡಿ ಎತ್ತಿಸಿದರು. ಕೊನೆಗೆ ಅವರು ಕೆಳಗೆ, ಹೊಗೆ ಮೇಲೆ.

ಗಾಡಿಯ ನೋಂದಣಿಗೆ ಹೊಗೆ ಪರೀಕ್ಷೆ ಎಲ್ಲ ಊರಿನಲ್ಲೂ ಇದೆ. ಸೈಲೆನ್ಸರಿಗೆ ಪೈಪು ತೂರಿಸಿ, ಎಂಜಿನ್ ಓಡಿಸಿ, ಕಂಪ್ಯೂಟರಿನಲ್ಲಿ ಅಂಕಿ ನೋಡಿ, ಮಿತಿಯೊಳಗಿದ್ದರೆ ಸರ್ಟಿಫಿಕೇಟು ಕೊಡುತ್ತಾರೆ. ನಮ್ಮೂರಿನಲ್ಲಿ ಅದು ಅರ್ಧ ಪರೀಕ್ಷೆ ಮಾತ್ರ. ಹೊಗೆ ಎಷ್ಟಿದೆ ಎಂಬುದು ಗೊತ್ತಾದ ಮೇಲೆ ಯಾರದ್ದು ಎಂಬುದು ಗೊತ್ತಾಗಬೇಡವೇ? ಅದಕ್ಕೆ ಮನೆ ಪರೀಕ್ಷೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರ ಮನೆಗೆ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು ಸಂಜೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೊಗೆ ತಾನಾಗಿ ಬಂದು ಅಂಗಳದಲ್ಲಿ ಕೂತು ದೀಪ ಹಚ್ಚುವವರೆಗೂ ಅಲ್ಲೇ ಇದ್ದರೆ ಗಾಡಿ ನಿಮ್ಮ ಹೆಸರಿಗೆ. ಮೂರು ಸಲ ಬರದೇ ಹೋದರೆ ಗಾಡಿ ಮೊದಲಿನವರಿಗೇ ವಾಪಸ್ಸು. ಹೊಗೆ ಒಪ್ಪದ ಗಾಡಿಯನ್ನು ಸರ್ಕಾರವೂ ಒಪ್ಪುವುದಿಲ್ಲ.

ನನ್ನ ಹೆಸರು ಮೃತ್ಯುಂಜಯ. ಬಸ್ ಸ್ಟ್ಯಾಂಡಿನ ಹಿಂದಿನ ಮೃತ್ಯುಂಜಯ ಡ್ರೈವಿಂಗ್ ಸ್ಕೂಲ್ ನನ್ನದೇ. ಹೆಸರು ನನ್ನಪ್ಪ ನನಗಿಟ್ಟದ್ದು, ಸ್ಕೂಲಿಗೆಂದು ಇಟ್ಟದ್ದಲ್ಲ. ಆದರೂ ಬೋರ್ಡು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ಯೋಚನೆ ಮಾಡಿ ನನ್ನಲ್ಲಿಗೇ ಬಂದು ಸೇರುತ್ತಾರೆ. ಕಲಿಸುವುದರಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ಒಂದು ದಿನ ನನ್ನ ಸೀಟಿನಲ್ಲಿ ಕೂತು ನೋಡಲಿ. ಮುಂದೆ ಖಾಲಿ ರಸ್ತೆ, ಹಿಂದೆ ಹಾರ್ನ್ ಹೊಡೆಯುವ ಲಾರಿ, ಕಲಿಯುವವರು ಮಾತ್ರ ಸ್ಟೀರಿಂಗ್ ಹಿಡಿದು ಧ್ಯಾನಕ್ಕೆ ಕೂತಿರುತ್ತಾರೆ. ಆಗ ಬುದ್ಧನಿಗೂ ಸಿಟ್ಟು ಬರುತ್ತದೆ.

ಸ್ಕೂಲಿನ ಹಳೇ ಕಾರು ಒಂದು ದಿನ ಗೇರ್ ರಾಡನ್ನು ಕಲಿಯುವವರ ಕೈಗೇ ಕೊಟ್ಟು ಪ್ರಾಣ ಬಿಟ್ಟಿತು. ಕಾರಿಲ್ಲದ ಡ್ರೈವಿಂಗ್ ಸ್ಕೂಲು ಎಂದರೆ ಮದುಮಗನಿಲ್ಲದ ಮದುವೆ. ವರ್ಷ ಮುಗಿಯುವುದರೊಳಗೆ ನನ್ನ ಹೆಸರಿನಲ್ಲಿ ನೋಂದಣಿಯಾದ ಇನ್ನೊಂದು ಕಾರು ತೋರಿಸದಿದ್ದರೆ ಸ್ಕೂಲಿನ ಲೈಸೆನ್ಸು ರದ್ದು ಎಂದು ಕಚೇರಿಯವರು ಹೇಳಿಬಿಟ್ಟರು. ಇನ್ನೊಂದು ಕೆಲಸ ನನಗೆ ಬರುವುದಿಲ್ಲ. ಹೊಸ ಕಾರು ಕೊಳ್ಳುವ ಯೋಗ್ಯತೆಯೂ ಇರಲಿಲ್ಲ. ಆಗ ಸಿಕ್ಕಿದ್ದು ಬಜ್ಜಿ ತುಂಗಮ್ಮನವರ ಕಾರು.

ಹಳೇ ಸಂತೆಪೇಟೆಯಲ್ಲಿ ತಮ್ಮ ಮನೆಯಂಗಳದಲ್ಲೇ ತುಂಗಮ್ಮ ಸಂಜೆ ಹೊತ್ತು ಬಜ್ಜಿ ಅಂಗಡಿ ನಡೆಸುತ್ತಾರೆ. ಎರಡು ಬೆಂಚು, ಒಂದು ಬಾಣಲೆ, ಊರಿಗೆಲ್ಲ ಕೇಳುವ ಗಂಟಲು. ಗಂಡ ತೀರಿಕೊಂಡ ಮೇಲೆ ತಾವೇ ಕಾರು ಓಡಿಸಲು ಕಲಿತು, ಮಾರ್ಕೆಟ್ಟಿನಿಂದ ಈರುಳ್ಳಿ ಮೆಣಸಿನಕಾಯಿ ತರುತ್ತಿದ್ದರು. ಈಗ ಕ್ಲಚ್ ಒತ್ತಿದರೆ ಮಂಡಿ ನೋವು ಅಂತ ಮಾರಲು ಹೊರಟಿದ್ದರು. ಕಾರು ಆಕಾಶ ಬಣ್ಣದ್ದು, ಹಳೆಯದಾದರೂ ಗಟ್ಟಿಮುಟ್ಟು. ಕೊಡುವ ದಿನ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಆಮೇಲೆ ಬಾನೆಟ್ ಸವರಿ, "ಹೋಗಿ ಬಾಪ್ಪ" ಅಂದರು. ಯಾರನ್ನು ಕಳಿಸುವಾಗಲೂ ನಾವೆಲ್ಲ ಹೇಳುವ ಮಾತೇ ಅದು. ನಾನು ಗೇರು ಹಾಕಿ ಬಂದುಬಿಟ್ಟೆ.

ಪೈಪಿನ ಪರೀಕ್ಷೆ ಸಲೀಸಾಗಿ ಆಯಿತು. ಅಷ್ಟು ದಿನ ಹೊಗೆ ಮನೆಗೆ ಬರದಿದ್ದುದನ್ನು ಹೊಸ ಜಾಗದ ಸಂಕೋಚ ಎಂದುಕೊಂಡಿದ್ದೆವು. ಮನೆ ಪರೀಕ್ಷೆಗೆ ಇನ್ಸ್‌ಪೆಕ್ಟರ್ ನಂಜರಾಜಯ್ಯನವರು ಬಂದರು. ದಪ್ಪ ಮನುಷ್ಯ, ನಿಧಾನಸ್ಥ. ಲಂಚ ಮುಟ್ಟುವುದಿಲ್ಲ, ಕೋಡುಬಳೆ ಬಿಡುವುದಿಲ್ಲ. ನನ್ನ ಹೆಂಡತಿ ವಿಶಾಲಾಕ್ಷಿ ತಟ್ಟೆ ತುಂಬ ಕೋಡುಬಳೆ ತಂದಿಟ್ಟಳು. ಅವರು ಗೇಟಿಗೆ ಮುಖ ಮಾಡಿ ಕೂತರು. ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ತೆಳು ನೀಲಿ ಹೊಗೆ ಕಾಣಿಸಿತು. ಈರುಳ್ಳಿಯ ವಾಸನೆ ಇತ್ತು. ನಮ್ಮದೇ ಎಂದು ನಾನು ಎದ್ದು ನಿಂತೆ. ಹೊಗೆ ನಮ್ಮ ಗೇಟಿನ ತನಕ ಬಂತು. ಒಂದು ಗಳಿಗೆ ನಿಂತಿತು, ಪರಿಚಯವಿಲ್ಲದವರ ಮನೆ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವವರು ನಿಲ್ಲುತ್ತಾರಲ್ಲ ಹಾಗೆ. ಆಮೇಲೆ ತನ್ನ ಪಾಡಿಗೆ ಮುಂದೆ ಹೋಯಿತು.

"ಹೋಯ್ತಲ್ಲ ಮೇಷ್ಟ್ರೇ," ಅಂದರು ನಂಜರಾಜಯ್ಯ.

"ದಾರಿ ತಪ್ಪಿದೆ ಸಾರ್. ಹೊಸ ಜಾಗ ನೋಡಿ."

"ಹೊಗೆ ದಾರಿ ತಪ್ಪಲ್ಲ ಕಣ್ರೀ. ಗಾಡಿ ತಪ್ಪುತ್ತೆ, ಗಾಡಿ ಓಡಿಸೋನು ತಪ್ತಾನೆ. ಹೊಗೆ ತಪ್ಪಿದ್ದು ನನ್ ಸರ್ವೀಸಲ್ಲೇ ನೋಡಿಲ್ಲ." ಕೊನೆಯ ಕೋಡುಬಳೆ ಬಾಯಿಗೆ ಹಾಕಿಕೊಂಡು, "ಒಂದಾಯ್ತು. ಇನ್ನೆರಡು," ಎಂದು ಹೊರಟರು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊಗೆಯ ಹಿಂದೆ ಓಡಿದೆ. ಅದು ನೆಟ್ಟಗೆ ಹಳೇ ಸಂತೆಪೇಟೆಗೆ ಹೋಗಿ, ತುಂಗಮ್ಮನ ಬೆಂಚಿನ ಮೇಲೆ ಇಬ್ಬರು ಗಿರಾಕಿಗಳ ನಡುವೆ ಆರಾಮಾಗಿ ಕೂತಿತು. ಒಬ್ಬ ಕೆಮ್ಮುತ್ತ ಎದ್ದುಹೋದ. ಇನ್ನೊಬ್ಬ ಕೈಯಲ್ಲಿದ್ದುದನ್ನು ಮೂಸಿ, "ಇದು ಬಜ್ಜಿನೋ ಸೈಲೆನ್ಸರೋ?" ಎಂದು ಕೇಳಿದ. ತುಂಗಮ್ಮ ಜಾಲರಿ ಸೌಟು ಹಿಡಿದುಕೊಂಡೇ ನನ್ನ ಮೇಲೆ ಬಂದರು.

"ಏನ್ ಮೇಷ್ಟ್ರೇ ಇದು? ಕಾರ್ ತಗೊಂಡೋಗಿ ಹೊಗೆ ನನಗೆ ಬಿಟ್ಟಿದೀರಲ್ಲ! ದಿನಾ ಸಂಜೆ ಬಂದು ಕೂರುತ್ತೆ. ನಾನು ಓಡಿಸೋವಾಗ ಬೆಕ್ಕಿನಷ್ಟಿತ್ತು. ನಿಮ್ ಶಿಷ್ಯರ ಕೈಗೆ ಹೋದ್ಮೇಲೆ ಎಮ್ಮೆಯಷ್ಟಾಗಿದೆ. ನನ್ ವ್ಯಾಪಾರ ಏನಾಗ್ಬೇಕು?"

"ನಾನೇನು ಕಟ್ಟಿಹಾಕಿಕೊಂಡು ಬರಕ್ಕಾಗುತ್ತಾ ತುಂಗಮ್ಮನೋರೇ? ನೀವೇ ಏನೋ ಅಭ್ಯಾಸ ಮಾಡಿಸಿದೀರಿ. ಈರುಳ್ಳಿ ಬಜ್ಜಿ ತಿನ್ನಿಸಿರ್ತೀರಿ."

"ಹೊಗೆಗೆ ಬಜ್ಜಿ ತಿನ್ನಿಸೋಷ್ಟು ಪುರಸೊತ್ತಿಲ್ಲ ನನಗೆ! ಕರ್ಕೊಂಡೋಗ್ರಿ ಇದನ್ನ!"

ಹೇಗೆ ಕರೆದುಕೊಂಡು ಹೋಗುವುದು? ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ದನ ಕೊಂಡಾಗ ಮಾಡುವಂತೆ ಮನೆಯನ್ನು ಮೂರು ಸುತ್ತು ಸುತ್ತಿಸಿ ಒಲೆ ತೋರಿಸಿ ಎಂದರು. ಕಾರನ್ನು ಮನೆ ಸುತ್ತ ಸುತ್ತಿಸಲು ಹೋಗಿ ವಿಶಾಲಾಕ್ಷಿಯ ತುಳಸಿ ಕಟ್ಟೆಗೆ ಬಂಪರ್ ತಾಗಿತು. ಅದನ್ನು ಈಗಲೂ ಅವಳು ಮರೆತಿಲ್ಲ. ಸಾಂಬ್ರಾಣಿ ಹಾಕಿ, ಹೊಗೆ ಹೊಗೆಯನ್ನು ಕರೆಯುತ್ತೆ ಎಂದರು. ಸೊಳ್ಳೆ ಹೋದವು, ಹೊಗೆ ಬರಲಿಲ್ಲ. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ತಂದರೆ ಹಳೇ ಮನೆಯ ದಾರಿ ಮರೆಯುತ್ತದೆ, ಹಾಗೇ ಇದನ್ನೂ ತನ್ನಿ ಎಂದರು. ನಾನು ಸೊಳ್ಳೆ ಪರದೆ ತೆಗೆದುಕೊಂಡು ತುಂಗಮ್ಮನ ಅಂಗಳಕ್ಕೆ ಹೋಗಿ ಬೆಂಚಿನ ಮೇಲೆ ಬೀಸಿದೆ. ಪರದೆಯೊಳಗೆ ಸಿಕ್ಕಿದ್ದು ಒಬ್ಬ ನಿವೃತ್ತ ತಹಶೀಲ್ದಾರರು. ಹೊಗೆ ಪಕ್ಕಕ್ಕೆ ಸರಿದು ಕೂತು ನೋಡುತ್ತಿತ್ತು. ಸಿಟ್ಟು ನೆತ್ತಿಗೇರಿ, "ಹೋಗೇ, ಹೋಗೇ ಇಲ್ಲಿಂದ!" ಎಂದು ಹೊಗೆಯ ಮೇಲೆ ಕೂಗಾಡಿದೆ. ಅದು ಇನ್ನಷ್ಟು ತುಂಗಮ್ಮನ ಹಿಂದಕ್ಕೆ ಸರಿದುಕೊಂಡಿತು.

ಎರಡನೇ ಪರೀಕ್ಷೆ ಹತ್ತಿರ ಬಂತು. ಬೇರೆ ಉಪಾಯ ತೋಚದೆ ಪಕ್ಕದ ಮನೆಯವರ ಸ್ಕೂಟರಿನ ಹೊಗೆಯನ್ನು ಒಂದು ಸಂಜೆಯ ಮಟ್ಟಿಗೆ ಕಡ ಕೇಳಿದೆ. ಅವರು ಒಪ್ಪಿ ಪರೀಕ್ಷೆಯ ಸಂಜೆ ತಮ್ಮ ಗೇಟು ಹಾಕಿಕೊಂಡರು, ಪಾಪ, ಆ ಹೊಗೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಮ್ಮ ಅಂಗಳಕ್ಕೆ ಬಂದು ಕೂತಿತು. ನಂಜರಾಜಯ್ಯನವರು ಕುರ್ಚಿಯಿಂದ ಏಳದೆ ಮೂಗು ಮಾತ್ರ ಮುಂದೆ ಚಾಚಿದರು.

"ಮೇಷ್ಟ್ರೇ, ಇದು ಟೂ ವೀಲರ್ ಹೊಗೆ."

"ಇಲ್ಲ ಸಾರ್, ಸ್ವಲ್ಪ ಬಡವಾಗಿದೆ ಅಷ್ಟೇ."

"ಸ್ಟ್ಯಾಂಡ್ ಹಾಕಿದ ಹಾಗೆ ಒಂದೇ ಕಡೆಗೆ ವಾಲಿಕೊಂಡು ಕೂತಿದೆಯಲ್ರೀ!" ಎಂದು ಎದ್ದರು. "ಎರಡಾಯ್ತು. ಮುಂದಿನ ವಾರ ಕೊನೇದು. ಅವತ್ತು ಬರದಿದ್ರೆ ಕಾರು ತುಂಗಮ್ಮಂಗೆ, ನಿಮ್ ಬೋರ್ಡು ಗುಜರಿಗೆ. ನನಗೂ ಬೇಜಾರೇ. ನಮ್ಮ ತಂಗಿಗೆ ಡ್ರೈವಿಂಗ್ ಕಲ್ಸಿದೋರು ನೀವು."

ಮಾರನೆಯ ದಿನ ತುಂಗಮ್ಮನ ಹತ್ತಿರ ತಾನೇ ಮಾತಾಡುತ್ತೇನೆಂದು ವಿಶಾಲಾಕ್ಷಿ ಹೊರಟಳು. ಕಲಿಯುವ ಹುಡುಗಿಯೊಬ್ಬಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ, ಇವಳು ಹಿಂದೆ. ದಾರಿಯುದ್ದಕ್ಕೂ ನನ್ನ ಪಾಠ ನಡೆದೇ ಇತ್ತು. ಹೋಗಿ, ಹೋಗಿ, ಎಮ್ಮೆ ಅದರ ಪಾಡಿಗೆ ಇರುತ್ತೆ, ನೀವು ಹೋಗಿ, ಹೋಗೀ ಅಂದ್ರೆ! ವಿಶಾಲಾಕ್ಷಿ ಹಿಂದಿನಿಂದ ಎಲ್ಲ ಕೇಳಿಸಿಕೊಂಡಳು. ತುಂಗಮ್ಮನ ಅಂಗಳದಲ್ಲಿ ಮೆಣಸಿನಕಾಯಿ ಬಜ್ಜಿ ತಿಂದಳು, ಕಷ್ಟಸುಖ ಮಾತಾಡಿದಳು. ಅಷ್ಟರಲ್ಲಿ ಸಂಜೆಯಾಗಿ ಹೊಗೆಯೂ ಬಂದು ಬೆಂಚಿನ ಮೇಲೆ ತನ್ನ ಜಾಗ ಹಿಡಿಯಿತು. ಏಳುವಾಗ ತುಂಗಮ್ಮ ಕುಂಕುಮ ಕೊಟ್ಟು, "ಹೋಗಿ ಬಾಮ್ಮ" ಅಂದರು. ಬೆಂಚಿನ ಮೇಲಿದ್ದ ಹೊಗೆ ತಟಕ್ಕನೆ ತಲೆ ಎತ್ತಿತು. ಎದ್ದು ಗೇಟಿನವರೆಗೆ ಹೋಯಿತು, ಅಲ್ಲಿಂದ ತಿರುಗಿ ಬಂದು ಮತ್ತೆ ಕೂತಿತು.

ವಿಶಾಲಾಕ್ಷಿ ನಿಂತಲ್ಲೇ ನಿಂತಳು. "ಅಮ್ಮಾ, ಕಾರು ಕೊಡೋ ದಿನ ಅದಕ್ಕೆ ಏನು ಹೇಳಿದ್ರಿ?"

"ಏನ್ ಹೇಳ್ತಾರೆ? ಹೋಗಿ ಬಾ ಅಂದೆ."

"ಅದಕ್ಕೇ ಹೋಗಿ ಬರ್ತಿದೆ! ಹೇಳಿದ ಮಾತು ಚಾಚೂ ತಪ್ಪದೆ ನಡೆಸ್ತಿದೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀವೋ, ದಿನವಿಡೀ ಅದರ ಕಿವಿ ಮೇಲೆ ಹೋಗಿ ಹೋಗಿ ಹೋಗಿ ಅಂತೀರಿ. ಒಂದಿನಾನಾದ್ರೂ ಬಾ ಅಂದಿದೀರಾ? ಮರ್ಯಾದೆ ಇರೋ ಯಾವ ಹೊಗೆ ಬರುತ್ತೆ ನಿಮ್ಮನೆಗೆ?"

ದಾರಿ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು. "ತುಂಗಮ್ಮನೋರೇ, ಒಂದೇ ಒಂದು ಮಾತು. ಬರೀ 'ಹೋಗು' ಅನ್ನಿ. ಇಬ್ಬರ ಕಷ್ಟವೂ ತೀರುತ್ತೆ," ಎಂದೆ.

ತುಂಗಮ್ಮನ ಸೌಟು ಬಾಣಲೆಯ ಮೇಲೆಯೇ ನಿಂತಿತು. "ಆ ಮಾತು ನನ್ ಬಾಯಲ್ಲಿ ಬರಲ್ಲ ಮೇಷ್ಟ್ರೇ."

"ಮನುಷ್ಯರಿಗಲ್ಲ, ಹೊಗೆಗೆ ತಾನೇ?"

"ಯಾರಿಗೂ ಅನ್ನಲ್ಲ." ಒಲೆಯ ಉರಿ ಕಡಿಮೆ ಮಾಡಿ, ಸೆರಗಿನಿಂದ ಕೈ ಒರೆಸಿಕೊಂಡರು. "ನಮ್ಮೋರು ಒಂದು ಮಾತು ಕೇಳ್ತಿರ್ಲಿಲ್ಲ. ಬೀಡಿ ಬಿಡಿ ಅಂದ್ರೆ ಬಿಡ್ತಿರ್ಲಿಲ್ಲ, ಡಾಕ್ಟರ್ ಹತ್ರ ನಡೀರಿ ಅಂದ್ರೆ ನಡೀತಿರ್ಲಿಲ್ಲ. ಒಂದಿನ ಬೆಳಿಗ್ಗೆ ಕಡ್ಲೆಹಿಟ್ಟಿನ ವಿಷ್ಯಕ್ಕೆ ಜಗಳ ಆಯ್ತು. ನನಗೂ ತಲೆಕೆಟ್ಟು, ಹೋಗ್ರೀ ಅತ್ಲಾಗೆ ಅಂದ್ಬಿಟ್ಟೆ. ಹೋದ್ರು. ಹೋಗಿ ಬರ್ತೀನಿ ಅಂತ ಕೂಡ ಅನ್ನಲಿಲ್ಲ. ಮಾರ್ಕೆಟ್ಟಲ್ಲಿ ಎದೆ ಹಿಡ್ಕೊಂಡು ಕೂತ್ರಂತೆ, ಅಷ್ಟೇ. ಇಡೀ ಸಂಸಾರದಲ್ಲಿ ನನ್ ಮಾತು ಅಂತ ಅವರು ಕೇಳಿದ್ದು ಅದೊಂದೇ."

ಬೆಂಚಿನ ಮೇಲಿದ್ದವರು ಯಾರೂ ಬಜ್ಜಿ ಕೇಳಲಿಲ್ಲ. ಸ್ಕೂಲು ಹೋದರೆ ಹೋಗಲಿ, ಈ ಹೆಂಗಸಿನ ಬಾಯಲ್ಲಿ ಆ ಮಾತು ಎರಡನೇ ಸಲ ಬರುವುದು ಬೇಡ ಅನ್ನಿಸಿತು. ಬಾಯಿಬಿಟ್ಟು ಹಾಗೆಯೇ ಹೇಳಿದೆ ಕೂಡ. ವಿಶಾಲಾಕ್ಷಿ ನನ್ನನ್ನು ಹೊಸಬರನ್ನು ನೋಡುವಂತೆ ನೋಡಿ, "ಹಾಗಾದ್ರೆ ಹೊಗೆ ಕಳಿಸೋದು ಬೇಡ. ನೀವೇ ಬನ್ನಿ ಅಮ್ಮಾ, ಪರೀಕ್ಷೆ ದಿನ ನಮ್ಮನೆಗೆ," ಎಂದಳು.

ಕೊನೆಯ ಪರೀಕ್ಷೆಯ ಸಂಜೆ ತುಂಗಮ್ಮ ಅಂಗಡಿ ಮುಚ್ಚಿ, ರೇಷ್ಮೆ ಸೀರೆ ಉಟ್ಟು, ಬಜ್ಜಿಯ ಪೊಟ್ಟಣ ಹಿಡಿದು ಬಂದರು. ಜಗುಲಿಯ ಮೇಲೆ ಕೂರಿಸಿದೆವು. ಹೊಗೆ ಬೀದಿಯ ತಿರುವಿನಲ್ಲಿ ಕಾಣಿಸಿತು, ಗೇಟಿನ ಹತ್ತಿರ ಬಂದು ಎಂದಿನಂತೆ ನಿಂತಿತು, ಒಳಗೆ ಇಣುಕಿತು. ಆಮೇಲೆ ಸರಸರನೆ ಬಂದು ತುಂಗಮ್ಮನ ಕಾಲ ಬಳಿ ಕೂತೇಬಿಟ್ಟಿತು. ನಾನು ಕುಣಿಯುವುದೊಂದು ಬಾಕಿ.

ನಂಜರಾಜಯ್ಯ ಪೆನ್ನು ತೆಗೆಯಲಿಲ್ಲ. "ಮೇಷ್ಟ್ರೇ, ಇದು ನಿಮ್ಮನೆಗೆ ಬಂದಿದ್ದಲ್ಲ, ಅವರಿದ್ದಾರೆ ಅಂತ ಬಂದಿದ್ದು. ಅವರು ಎದ್ದು ಹೋಗಲಿ. ದೀಪ ಹಚ್ಚೋವರೆಗೂ ಹೊಗೆ ಇಲ್ಲೇ ಇದ್ರೆ ನಾನು ಸೈನ್ ಹಾಕ್ತೀನಿ."

"ಅವರು ಕಾಫಿನೂ ಕುಡಿದಿಲ್ಲ ಸಾರ್!"

"ಕುಡೀಲಿ. ನನಗೂ ಒಂದು ಲೋಟ ಇರಲಿ."

ಕಾಫಿಯನ್ನು ಎಷ್ಟು ಹೊತ್ತು ಕುಡಿಯಬಹುದೋ ಅಷ್ಟು ಹೊತ್ತು ಕುಡಿದರು ತುಂಗಮ್ಮ. ಕೊನೆಗೆ ಲೋಟ ಕೆಳಗಿಟ್ಟು ಎದ್ದರು. ಹೊಗೆಯೂ ಎದ್ದಿತು. ಅವರು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ. ತುಳಸಿ ಕಟ್ಟೆ ದಾಟಿದರು, ಅದೂ ದಾಟಿತು. ಏನಾದರೂ ಹೇಳಿ ನಿಲ್ಲಿಸಬೇಕು, ಬಾ ಅನ್ನಬೇಕು ಎಂದು ಬಾಯಿ ತೆರೆದೆ. ಹಾಳು ಅಭ್ಯಾಸ, ನಾಲಗೆಯ ಮೇಲೆ ಬಂದದ್ದು "ಹೋ" ಎಂಬುದಷ್ಟೇ. ವಿಶಾಲಾಕ್ಷಿ ಪಟ್ಟನೆ ನನ್ನ ಬಾಯಿ ಮುಚ್ಚಿದಳು.

ತುಂಗಮ್ಮ ಗೇಟಿನ ಚಿಲಕಕ್ಕೆ ಕೈ ಹಾಕಿ ನಿಂತರು. ಹೊಗೆ ಅವರ ಸೆರಗಿನ ಅಂಚಿನಲ್ಲಿತ್ತು. ಅವರು ಚಿಲಕ ಬಿಟ್ಟು ತಿರುಗಿದರು. ಬಾನೆಟ್ ಸವರಿದ ಹಾಗೆಯೇ ಹೊಗೆಯನ್ನು ಸವರಿದರು. ಅವರ ಗಂಟಲು ಅಷ್ಟು ಮೆತ್ತಗಾಗಬಲ್ಲದು ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಈ ಸಲ ನೀನಲ್ಲಪ್ಪ, ನಾನು," ಅಂದರು. "ನಾನು ಹೋಗಿ ಬರ್ತೀನಿ. ನೀನು ಇಲ್ಲೇ ಇರು. ಹೇಳದೆ ಹೋಗೋ ಪೈಕಿ ಅಲ್ಲ ನಾನು."

ಗೇಟು ತೆಗೆದು, ಮತ್ತೆ ಹಾಕಿಕೊಂಡು, ಹಿಂತಿರುಗಿ ನೋಡದೆ ನಡೆದರು. ಹೊಗೆ ಗೇಟಿನ ಸರಳುಗಳ ಹತ್ತಿರ ಸ್ವಲ್ಪ ಹೊತ್ತು ಅತ್ತಿತ್ತ ಆಡಿತು. ಆಮೇಲೆ ಅಲ್ಲೇ, ಗೇಟಿನ ಒಳಗೆ, ಬೀದಿಗೆ ಮುಖ ಮಾಡಿ ಕೂತಿತು. ವಿಶಾಲಾಕ್ಷಿ ದೀಪ ಹಚ್ಚಿದಳು. ನಂಜರಾಜಯ್ಯ ಕನ್ನಡಕ ಒರೆಸಿಕೊಂಡು ಸೈನ್ ಹಾಕಿದರು. ಹೊಗೆ ಕಣ್ಣಿಗೆ ಹೋಯಿತು ಎಂದರು. ಹೊಗೆ ಅವರಿಂದ ಮಾರು ದೂರ ಇತ್ತು.

ಬೋರ್ಡು ಉಳಿಯಿತು. ಈಗ ಪಾಠ ಹೇಳುವಾಗ ನಾಲಗೆ ಹಿಡಿದು "ಹೋಗಿ ಬನ್ನಿ" ಎನ್ನುತ್ತೇನೆ. ಅದರಿಂದ ಶಿಷ್ಯರೆಲ್ಲ ಬೀದಿಯ ಕೊನೆಯವರೆಗೆ ಹೋಗಿ ಯೂ ಟರ್ನ್ ಹೊಡೆದು ಬರುತ್ತಾರೆ. ನಮ್ಮ ಸ್ಕೂಲಿನಲ್ಲಿ ಕಲಿತವರಷ್ಟು ಚೆನ್ನಾಗಿ ಯೂ ಟರ್ನ್ ಹೊಡೆಯುವವರು ಬೇರೆಲ್ಲೂ ಇಲ್ಲ ಎಂದು ಕಚೇರಿಯವರೇ ಹೇಳಿದ್ದಾರೆ. ಹೊಗೆ ದಿನಾ ಸಂಜೆ ನಮ್ಮನೆಗೇ ಬರುತ್ತದೆ. ಆದರೆ ಮೂಲೆಗೆ ಹೋಗುವುದಿಲ್ಲ, ಗೇಟಿನ ಹತ್ತಿರವೇ ಕೂತು ಬೀದಿ ನೋಡುತ್ತದೆ. ಹೋಗಿ ಬರ್ತೀನಿ ಅಂದವರು ಬರಬೇಕಲ್ಲ. ತುಂಗಮ್ಮ ಅಂಗಡಿಗೆ ರಜೆ ಇರುವ ಮಂಗಳವಾರ ತಪ್ಪದೆ ಬರುತ್ತಾರೆ, ಕೂತು ಕಾಫಿ ಕುಡಿಯುತ್ತಾರೆ, ಅದೇ ಮಾತು ಹೇಳಿ ಹೋಗುತ್ತಾರೆ.

ಹೋದ ಮಂಗಳವಾರ ತಡವಾಯಿತು. ದೀಪ ಹಚ್ಚಿ ಆಗಿತ್ತು. ಹೊಗೆ ಗೇಟಿನ ಮೇಲಕ್ಕೆ ಎದ್ದೆದ್ದು ನೋಡುತ್ತಿತ್ತು. ಕಾಫಿ ಆರಿಹೋಯಿತು ಎಂದು ವಿಶಾಲಾಕ್ಷಿ ಎರಡು ಸಲ ಹೇಳಿದಳು. ಮಂಡಿ ನೋವಿನ ಹೆಂಗಸು, ರಸ್ತೆಯಲ್ಲಿ ಓಡಾಡುವ ಗಾಡಿಗಳೆಲ್ಲ ನಾನೇ ಕಲಿಸಿದವರದ್ದು, ನನಗೆ ಭಯವಾಯಿತು. ಒಳಗೆ ಕೂರಲಾರದೆ ಹೋಗಿ ಹೊಗೆಯ ಪಕ್ಕ ನಿಂತೆ. ಇಬ್ಬರೂ ಬೀದಿ ನೋಡುತ್ತ ನಿಂತಿದ್ದೆವು. ಕೊನೆಗೆ ತಿರುವಿನಲ್ಲಿ ತುಂಗಮ್ಮ ಕಾಣಿಸಿದರು. ಹಿಟ್ಟಿನ ಗಿರಣಿಯವನನ್ನು ದೊಡ್ಡ ಗಂಟಲಿನಲ್ಲಿ ಬೈಯುತ್ತ, ಮೆಲ್ಲಗೆ ಕಾಲು ಹಾಕುತ್ತ ಬರುತ್ತಿದ್ದರು. ನಾನು ಗೇಟು ಪೂರ್ತಿ ತೆಗೆದೆ. ಹೊಗೆ ಸರಸರನೆ ಹೊರಗೆ ಹೋಗಿ ಅವರ ಸೆರಗಿನ ಅಂಚು ಹಿಡಿಯಿತು.

"ಬನ್ನಿ, ಬನ್ನಿ," ಅಂದೆ. ನಾಲಗೆ ಎಲ್ಲೂ ತಡವರಿಸಲಿಲ್ಲ. ಯಾರಿಗೆ ಹೇಳಿದೆ ಎಂದು ನನಗೇ ಗೊತ್ತಿಲ್ಲ. ಇಬ್ಬರೂ ಒಳಗೆ ಬಂದರು.